ಅತ್ತಿಗೆಗೆ ಕೊಟ್ಟ ಹಾಳೆ

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳಿಗೆ ಸ್ವಭಾವ ಪರೀಕ್ಷೆಯೆಂದು ಹತ್ತು ಪ್ರಶ್ನೆ ಕೇಳಿ, ಮರುದಿನ ಎಲ್ಲರಿಗೂ ಒಂದೇ ಒಕ್ಕಣೆಯ ಹಾಳೆ ಹಂಚುತ್ತೇನೆ. ಓದಿದವರೆಲ್ಲ ‘ಇದು ನಾನೇ’ ಅನ್ನುತ್ತಾರೆ. ಯಾರಿಗೆ ಬೇಕಾದರೂ ಹೊಂದುವ ಮಾತನ್ನು ನಾವು ನಮ್ಮದೆಂದೇ ನಂಬುತ್ತೇವೆ ಎಂದು ತೋರಿಸುವ ಪಾಠ ಅದು.

ಎರಡು ವರ್ಷದ ಹಿಂದೆ ಒಂದು ಭಾನುವಾರ, ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲೇ ಇದನ್ನು ಆಡಿಸಿದೆ. ಅಣ್ಣ, ಅತ್ತಿಗೆ, ಊಟಕ್ಕೆ ಬಂದಿದ್ದ ತಂಗಿ. ಪ್ರಶ್ನೆ ಕೇಳಿ, ಒಳಗೆ ಹೋಗಿ ಏನೋ ಲೆಕ್ಕ ಹಾಕಿದವನಂತೆ ಬಂದು ಹಾಳೆ ಕೊಟ್ಟೆ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಿದರು. ‘ನೀವು ನಗುತ್ತಲೇ ಇರುತ್ತೀರಿ, ಒಳಗಿನ ಬೇಸರ ಯಾರಿಗೂ ಹೇಳಿಕೊಳ್ಳುವುದಿಲ್ಲ. ನಿಮ್ಮ ಶಕ್ತಿ ಇನ್ನೂ ಪೂರ್ತಿ ಬಳಕೆಯಾಗಿಲ್ಲ.’

ಅವರ ಕಣ್ಣು ತುಂಬಿತು. “ಇಷ್ಟೆಲ್ಲ ಯಾವಾಗ ಗಮನಿಸ್ದೆ ಕಣಪ್ಪ? ಈ ಮನೇಲಿ ಯಾರಿಗೂ ಕಾಣಲ್ಲ ಅಂದ್ಕೊಂಡ್ಬುಟ್ಟಿದ್ದೆ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆಟದ ರುಚಿಯಿರುವುದೇ ಕೊನೆಯಲ್ಲಿ. “ಎಲ್ಲರೂ ಹಾಳೆ ಬದಲಾಯಿಸ್ಕೊಳ್ಳಿ” ಅಂದೆ. ತಂಗಿ ಬಿದ್ದು ಬಿದ್ದು ನಕ್ಕಳು. ಅಣ್ಣ, “ಅಳಕ್ಕೇ ಶುರು ಮಾಡ್ಬುಟ್ಟಿದ್ಯಲ್ಲೇ!” ಎಂದ. ಅತ್ತಿಗೆಯೂ ನಕ್ಕು, ಹಾಳೆಯನ್ನು ಟೇಬಲ್ ಮೇಲಿಟ್ಟು ಪಾತ್ರೆ ತೊಳೆಯಲು ಹೋದರು.

ಸಂಜೆ ಮನಸ್ಸು ತಡೆಯಲಿಲ್ಲ. ನಿಜವಾಗಿಯೂ ಅವರ ಬಗ್ಗೆಯೇ ನಾಲ್ಕು ಸಾಲು ಬರೆದುಕೊಡೋಣವೆಂದು ಕೂತೆ. ‘ಬೆಳಿಗ್ಗೆ ಬೇಗ ಏಳುತ್ತೀರಿ. ಬಸ್ಸಾರು ಚೆನ್ನಾಗಿ ಮಾಡುತ್ತೀರಿ.’ ಅಷ್ಟಕ್ಕೇ ಪೆನ್ನು ನಿಂತಿತು. ಹದಿನಾರು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸಿನ ಬಗ್ಗೆ ನನಗೆ ಮೂರನೆಯ ಸಾಲು ಹೊಳೆಯಲಿಲ್ಲ.

ಹಾಳೆ ಹರಿದು ಅಡುಗೆಮನೆಗೆ ಹೋದೆ. “ತಪ್ಪಾಯ್ತು ಅತ್ತಿಗೆ.”

“ಬುಡಪ್ಪ, ಆಟ ತಾನೆ. ಅದ್ರಲ್ಲಿ ಇದ್ದಿದ್ದೇನೂ ಸುಳ್ಳಲ್ಲ. ನನಗೇ ಅಂತ ಬರ್ದಿರ್ಲಿಲ್ಲ, ಅಷ್ಟೇ.”

“ನಿಮಗೆ ಏನಾಗ್ಬೇಕು ಅಂತಿತ್ತು?”

ಅವರು ನನ್ನನ್ನೇ ನೋಡಿದರು. “ಟೀಚರ್. ಮದುವೆಯಾದ್ಮೇಲೂ ಬಿ.ಎಡ್‌ಗೆ ಹೋಗ್ತಿದ್ದೆ. ನಿಮ್ಮಮ್ಮ ಹಾಸಿಗೆ ಹಿಡಿದ್ರಲ್ಲ, ಆಗ ಬುಟ್ಟೆ. ನಿನಗೆ ನೆನಪಿಲ್ವಾ?”

ನೆನಪಿರಲಿಲ್ಲ. ಆ ವರ್ಷ ನಾನು ಎಂ.ಎ. ಓದುತ್ತಿದ್ದೆ. ಅಮ್ಮನಿಗೆ ಗಂಜಿ ಕುಡಿಸಿ, ನನಗೆ ದಿನವೂ ಡಬ್ಬಿ ಕಟ್ಟಿಕೊಡುತ್ತಿದ್ದವರು ಅವರೇ.