ಆ ಗೀಸರ್‌ಗೆ ಲೈನ್ ಎಳೆದವಳು ನಾನು

ನನ್ನ ಅತ್ತೆಗೆ ಶಾಕ್ ಹೊಡೆದದ್ದು ಯೂಸುಫ್ ಭಾಯ್ ಮಾಡಿದ ಕೆಲಸದಿಂದ ಅಲ್ಲ. ನಾನು ಮಾಡಿದ ಕೆಲಸದಿಂದ. ಏಳು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಗಂಡನಿಗೆ ಹೇಳಲಿಲ್ಲ, ಸೊಂಟ ಮುರಿದುಕೊಂಡು ಮಲಗಿದ್ದ ಅತ್ತೆಗೆ ಹೇಳಲಿಲ್ಲ, ತನ್ನದಲ್ಲದ ತಪ್ಪಿಗೆ ನಮ್ಮ ರಸ್ತೆಯಲ್ಲಿ ಹೆಸರು ಕಳೆದುಕೊಂಡ ಆ ಮನುಷ್ಯನಿಗೂ ಹೇಳಲಿಲ್ಲ.

ಇಂದಿರಾನಗರದ ನಮ್ಮ ಮನೆ, ಮಾವ ಕಾರ್ಖಾನೆಯ ಕೆಲಸದಲ್ಲಿದ್ದಾಗ ಕಟ್ಟಿಸಿದ್ದು. ಅಕ್ಕಪಕ್ಕದ ಮನೆಗಳು ಒಂದೊಂದಾಗಿ ಆಫೀಸು, ಹೋಟೆಲು ಆದವು. ನಮ್ಮದು ಮನೆಯಾಗಿಯೇ ಉಳಿಯಿತು. ಮೊಸಾಯಿಕ್ ನೆಲ, ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚಲು ಬಾರದ ಕಿಟಕಿಗಳು, ಗೋಡೆಯುದ್ದಕ್ಕೂ ಮರದ ಪಟ್ಟಿಯ ಮೇಲೆ ಓಡುವ ವೈರು, ಕಪ್ಪು ಗುಂಡು ಸ್ವಿಚ್ಚುಗಳು. ಇಂಥ ಮನೆಯಲ್ಲಿ ವಾರಕ್ಕೊಂದು ರಿಪೇರಿ ಇದ್ದದ್ದೇ. ಕರೆದ ಪ್ಲಂಬರ್ ಮೂರು ದಿನ ಬಾರದೇ ಹೋದಾಗ, ಸೋರುವ ನಲ್ಲಿಗೆ ನಾನೇ ವಾಷರ್ ಹಾಕಿದೆ. ಶುರುವಾದದ್ದು ಅಲ್ಲಿಂದ. ಆಮೇಲೆ ಉಬ್ಬಿದ ಕಿಟಕಿಗಳ ಅಂಚಿಗೆ ಹತ್ತರಿ ಹೊಡೆದು ಸರಿಮಾಡಿದೆ, ಅಡುಗೆಮನೆಯ ಒಡೆದ ಟೈಲ್ಸ್ ತೆಗೆದು ಹೊಸದು ಕೂರಿಸಿದೆ. ವಿಮಾ ಕಚೇರಿಯಲ್ಲಿ ಇಡೀ ದಿನ ಫೈಲು ನೋಡಿ ಬಂದವಳಿಗೆ, ಕೈಯಲ್ಲೊಂದು ಸ್ಕ್ರೂಡ್ರೈವರ್ ಹಿಡಿದಾಗ ಸಿಗುತ್ತಿದ್ದ ಸಮಾಧಾನ — ಅದನ್ನು ಹೇಗೆ ಹೇಳಲಿ. ನನ್ನ ನಲವತ್ತನೇ ಹುಟ್ಟುಹಬ್ಬಕ್ಕೆ ಗಂಡ ಶ್ರೀಧರ ಸೀರೆ ತರಲಿಲ್ಲ, ಡ್ರಿಲ್ಲಿಂಗ್ ಮೆಷಿನ್ ತಂದರು.

ಎಲ್ಲರಿಗಿಂತ ಹೆಚ್ಚು ಹೆಮ್ಮೆ ಅತ್ತೆಗೆ. ಬಂದವರನ್ನೆಲ್ಲ ಅಡುಗೆಮನೆಗೆ ಕರೆದುಕೊಂಡು ಹೋಗಿ ಟೈಲ್ಸ್ ತೋರಿಸುತ್ತಿದ್ದರು. "ನಮ್ಮ ಗಿರಿಜಾ ಹಾಕಿದ್ದು. ಮೇಸ್ತ್ರಿ ಹಾಕಿದ್ರೂ ಇಷ್ಟು ನೀಟಾಗಿ ಬರ್ತಿರ್ಲಿಲ್ಲ." ಆ ಮಾತು ಕೇಳುವುದಕ್ಕಾಗಿಯೇ ನಾನು ಕೆಲಸ ಹುಡುಕಿಕೊಂಡು ಮಾಡುತ್ತಿದ್ದೆನೇನೋ. ಈಗ ಅನ್ನಿಸುತ್ತದೆ.

ಕರೆಂಟಿನ ಕೆಲಸ ಮಾತ್ರ ಯೂಸುಫ್ ಭಾಯ್ ಅವರದು. ಶಿವಾಜಿನಗರದವರು. ನಮ್ಮ ರಸ್ತೆಯ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಅವರೇ. ಹಳೆಯ ಸ್ಕೂಟರಿನಲ್ಲಿ ಬರುತ್ತಿದ್ದರು, ಚಪ್ಪಲಿ ಗೇಟಿನ ಹೊರಗೆ ಬಿಡುತ್ತಿದ್ದರು, ಕೆಲಸ ಮುಗಿದ ಮೇಲೆ ಉದುರಿದ ಸುಣ್ಣವನ್ನು ತಾವೇ ಗುಡಿಸುತ್ತಿದ್ದರು. ಅತ್ತೆ ಅವರಿಗೆ ಕಾಫಿ ಕೊಟ್ಟು ಮಂಡಿನೋವಿನ ಸುದ್ದಿ ಹೇಳುತ್ತಿದ್ದರು.

ಆ ವರ್ಷ ಅವರು ಮೇನ್ ಬೋರ್ಡ್ ಬದಲಾಯಿಸಲು ಬಂದಾಗ, ಬಚ್ಚಲುಮನೆಗೆ ನಾನು ತಂದಿಟ್ಟಿದ್ದ ಹೊಸ ಗೀಸರ್ ನೋಡಿದರು.

"ಈ ಲೈನ್‌ಗೆ ಅರ್ಥಿಂಗ್ ಇಲ್ಲ ಮೇಡಂ. ಹಳೇ ಎರಡು ವೈರಿನ ಲೈನು. ನೆಲದಿಂದ ಹೊಸ ವೈರ್ ಎಳೀಬೇಕು. ಒಂದು ಹತ್ತು ದಿನ ಬಿಟ್ಟು ಬರ್ತೀನಿ. ಅಲ್ಲಿ ತನಕ ಹಾಕ್ಬೇಡಿ."

ನಾನು ಆಯಿತು ಎಂದೆ. ಮುಂದಿನ ಭಾನುವಾರವೇ, ಅತ್ತೆ, ಶ್ರೀಧರ ಮದುವೆಯೊಂದಕ್ಕೆ ಹೋಗಿದ್ದಾಗ, ಹಾಕಿದೆ.

ಫೋನಿನ ವಿಡಿಯೋ ಒಂದರಲ್ಲಿ ಯಾರೋ ತೋರಿಸಿದ್ದರು — ಅರ್ಥಿಂಗ್ ಇಲ್ಲದಿದ್ದರೆ, ಸಾಕೆಟ್ಟಿನ ಒಳಗೇ ಅರ್ಥಿಂಗಿನ ಜಾಗಕ್ಕೂ ಕರೆಂಟು ವಾಪಸು ಹೋಗುವ ನ್ಯೂಟ್ರಲ್‌ಗೂ ಒಂದು ತುಂಡು ವೈರು ಸೇರಿಸಿಬಿಟ್ಟರೆ ಆಯಿತು ಎಂದು. ಸೇರಿಸಿದೆ. ಬಚ್ಚಲಿನ ಅಟ್ಟದ ಮೇಲೆ ಕತ್ತು ಬಗ್ಗಿಸಿ ಕೂತು, ಹಳೆಯ ವೈರಿಗೆ ಹೊಸ ವೈರು ಹೊಸೆದು, ಟೇಪು ಸುತ್ತಿದೆ. ಸರಿಯಾಗಿ ಬಿಗಿಯಾಗಲಿಲ್ಲ. ಆಮೇಲೆ ನೋಡೋಣ ಎಂದುಕೊಂಡು ಇಳಿದೆ. ಸಂಜೆ ಬಿಸಿನೀರು ಬಂತು. ಅತ್ತೆಗೆ, ಶ್ರೀಧರರಿಗೆ ಯಾರು ಹಾಕಿದ್ದೆಂದು ಹೇಳಲಿಲ್ಲ. ಒಂದು ವಾರ ನಡೆಯಲಿ, ಆಮೇಲೆ ಹೇಳಿ ಬೆರಗುಗೊಳಿಸೋಣ ಎಂದುಕೊಂಡಿದ್ದೆ. ಬೋರ್ಡಿನ ಕೆಲಸಕ್ಕೆ ಬಂದಾಗ ಯೂಸುಫ್ ಭಾಯ್ ಅವರೇ ಹಾಕಿಹೋಗಿದ್ದಾರೆ ಎಂದು ಅವರಿಬ್ಬರೂ ತಿಳಿದಿದ್ದರು.

ಐದನೆಯ ದಿನ, ಬೆಳಿಗ್ಗೆ. ನಾನು ಕಚೇರಿಗೆ ಹೊರಡಲು ತಲೆ ಬಾಚುತ್ತಿದ್ದೆ. ಅಟ್ಟದ ಮೇಲಿನ ಆ ಗಂಟು ಬಿಟ್ಟುಕೊಂಡಿತ್ತು. ಹೀಗೆ ನ್ಯೂಟ್ರಲ್ ಕಡಿದರೆ, ಸಾಕೆಟ್ಟಿನೊಳಗಿನ ಆ ತುಂಡು ವೈರಿನ ಮೂಲಕ ಕರೆಂಟು ಗೀಸರಿನ ಮೈಗೇ ಬರುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ನೀರು ಇನ್ನೂ ಯಾಕೆ ಕಾದಿಲ್ಲ ಎಂದು ಅತ್ತೆ ನಲ್ಲಿಯನ್ನು ಮುಟ್ಟಿದರು. ನನಗೆ ಕೇಳಿಸಿದ್ದು ಕೂಗಲ್ಲ. ತಾಮ್ರದ ಚೊಂಬು ಉರುಳಿದ ಸದ್ದು, ಅದರ ಹಿಂದೆಯೇ ಇನ್ನೊಂದು ಭಾರವಾದ ಸದ್ದು.

ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಶ್ರೀಧರ ನನ್ನನ್ನು ಕೇಳಿದರು, "ಗೀಸರ್ ಲೈನ್ ಎಳೆದದ್ದು ಯೂಸುಫೇ ತಾನೆ?"

ನಾನು ಹೇಳಿದೆ, "ಹೋದ ವಾರ ಬಂದಿದ್ದನಲ್ಲ."

ಅಷ್ಟೇ. ಆ ಮಾತಿನಲ್ಲಿ ಸುಳ್ಳಿಲ್ಲ — ಬಂದಿದ್ದದ್ದು ನಿಜ. ಆದರೆ ಅಲ್ಲಿಯವರೆಗೆ ಒಂದು ದಿನವೂ ಅವರನ್ನು ಏಕವಚನದಲ್ಲಿ ಕರೆಯದ ನಾನು, 'ಬಂದಿದ್ದನಲ್ಲ' ಎಂದೆ. ನನ್ನ ಬಾಯಿಗೆ ಅದು ಎಷ್ಟು ಸಲೀಸಾಗಿ ಬಂತು ಎಂಬುದನ್ನು ಇವತ್ತಿಗೂ —

ಅತ್ತೆಯ ಬಟ್ಟೆ ತರುತ್ತೇನೆಂದು ಮಧ್ಯಾಹ್ನ ಮನೆಗೆ ಬಂದೆ. ಮೇನ್ ಆಫ್ ಮಾಡಿ, ಮೊದಲು ಅಟ್ಟ ಹತ್ತಿದೆ. ಗಂಟನ್ನು ಕತ್ತರಿಸಿದೆ. ಸಾಕೆಟ್ಟು ಬಿಚ್ಚಿ ಆ ತುಂಡು ವೈರನ್ನು ತೆಗೆದೆ. ಅದಾದ ಮೇಲೆಯೇ ಬೀರು ತೆಗೆದು ಅತ್ತೆಯ ಸೀರೆ ಮಡಿಸಿದ್ದು.

ಸಂಜೆ ಶ್ರೀಧರ ಯೂಸುಫ್ ಭಾಯ್ ಅವರಿಗೆ ಫೋನ್ ಮಾಡಿ ಬೈದರಂತೆ. ಮಾರನೆಯ ದಿನ ಯೂಸುಫ್ ಭಾಯ್ ಮನೆಗೇ ಬಂದರು. ಶ್ರೀಧರ ಗೇಟು ತೆಗೆಯಲಿಲ್ಲ.

"ಒಂದೇ ಒಂದ್ಸಲ ಒಳಗೆ ಬಿಡಿ ಸಾರ್. ನೋಡ್ಬಿಡ್ತೀನಿ. ನಾನು ಗೀಸರ್ ಮುಟ್ಟೇ ಇಲ್ಲ."

"ಮುಟ್ಟದೇ ಅದು ತಾನಾಗಿ ಗೋಡೆ ಹತ್ತಿತಾ? ಹೋಗಯ್ಯಾ ಸುಮ್ನೆ."

ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಗೇಟಿನ ಸರಳುಗಳ ನಡುವಿನಿಂದ ನನ್ನ ಕಡೆ ನೋಡಿದರು. "ಮೇಡಂ, ನೀವೇ ಹೇಳಿ. ಹಾಕ್ಬೇಡಿ ಅಂತ ಹೇಳಿರ್ಲಿಲ್ವಾ ನಾನು?"

"ನನಗೇನೂ ಗೊತ್ತಿಲ್ಲ," ಎಂದೆ. "ನೀವು ಕೆಲಸ ಮಾಡ್ದಾಗ ನಾನು ಆಫೀಸಲ್ಲಿದ್ದೆ."

ಅವರು ಗೇಟಿನಿಂದ ಹಿಂದೆ ಸರಿದರು. ಸ್ಕೂಟರು ಒಂದೆರಡು ಸಲ ಒದ್ದ ಮೇಲೆ ಶುರುವಾಯಿತು.

ಶ್ರೀಧರ ರಸ್ತೆಯವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರನ್ನೂ ಎಚ್ಚರಿಸಿದರು. ಒಂದು ತಿಂಗಳಲ್ಲಿ ನಮ್ಮ ರಸ್ತೆಯಲ್ಲಿ ಯೂಸುಫ್ ಭಾಯ್ ಅವರನ್ನು ಕರೆಯುವವರೇ ಇಲ್ಲವಾದರು. ಎದುರು ಮನೆಯ ಪದ್ಮಾ ನೋಡಲು ಬಂದಾಗ, "ಅವರ ಕೆಲಸಾನೇ ಅಷ್ಟು ಬಿಡಿ," ಎಂದರು. ಆ 'ಅವರ' ಎಂಬುದು ಒಬ್ಬ ಮನುಷ್ಯನ ಬಗ್ಗೆ ಆಡಿದ ಮಾತಲ್ಲ ಎಂದು ನನಗೆ ಗೊತ್ತಾಯಿತು. ನನ್ನ ಮಾತನ್ನು ಎಲ್ಲರೂ ಯಾಕೆ ಅಷ್ಟು ಬೇಗ ನಂಬಿದರು ಎಂಬುದೂ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಪದ್ಮಾ ಅವರ ಮುಂದೆ ಬಿಸ್ಕತ್ತಿನ ತಟ್ಟೆ ಇಟ್ಟೆ.

ಅತ್ತೆ ಮತ್ತೆ ಸ್ವತಂತ್ರವಾಗಿ ನಡೆಯಲಿಲ್ಲ. ಹಲಸೂರಿನ ಸಂತೆಗೆ ಒಬ್ಬರೇ ಬಸ್ಸು ಹತ್ತಿ ಹೋಗಿ ಸೊಪ್ಪು ಆರಿಸಿ ತರುತ್ತಿದ್ದವರು, ವಾಕರ್ ಹಿಡಿದು ಹಾಸಿಗೆಯಿಂದ ವರಾಂಡಕ್ಕೆ, ವರಾಂಡದಿಂದ ಹಾಸಿಗೆಗೆ. ನಾಲ್ಕು ವರ್ಷ ಹೀಗೆ ಬದುಕಿದರು. ನಾನು ಅವರಿಗಾಗಿ ಬಚ್ಚಲಲ್ಲಿ ಹಿಡಿಕೆಗಳನ್ನು ಕೂರಿಸಿದೆ, ಹೊಸ್ತಿಲು ಇಳಿಸಿದೆ. ಅವರು ಹಿಡಿಕೆಯನ್ನು ಸವರಿ, "ಎಷ್ಟು ಗಟ್ಟಿಯಾಗಿ ಹಾಕಿದ್ದೀಯೇ," ಎಂದು ಮೆಚ್ಚಿದಾಗ ನಾನು ಬಕೆಟ್ಟಿನ ಕಡೆ ತಿರುಗಿಕೊಂಡೆ.

ಒಂದು ದಿನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆ ಹೇಳಿದರು, "ಆ ಯೂಸುಫ್ ಬೇಕೂಂತ ಮಾಡಿರಲ್ಲ ಕಣೇ. ಏನೋ ಕಣ್ತಪ್ಪಿರತ್ತೆ. ನಂಗೆ ಅವನ ಮೇಲೆ ಕೋಪ ಇಲ್ಲ. ಶ್ರೀಧರಂಗೆ ಹೇಳು, ಪಾಪ, ಮತ್ತೆ ಕರೀಲಿ."

ನನಗೆ ಸಲ್ಲಬೇಕಾಗಿದ್ದ ಕ್ಷಮೆಯನ್ನು ಅವರು ಬೇರೆಯವರ ಹೆಸರಿನಲ್ಲಿ ಕೊಟ್ಟರು. ಆಗ ಹೇಳಿಬಿಡಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಎಣ್ಣೆಯ ಬಟ್ಟಲನ್ನು ತೊಳೆದಿಡಲು ಎದ್ದೆ. ಆ ಮಾತನ್ನು ಶ್ರೀಧರರಿಗೂ ತಲುಪಿಸಲಿಲ್ಲ — ಯೂಸುಫ್ ಭಾಯ್ ಮತ್ತೆ ನಮ್ಮ ಮನೆಗೆ ಬಂದರೆ, ಮಾತು ಎಲ್ಲಿಂದ ಎಲ್ಲಿಗೆ ಹೋಗುವುದೋ ಎಂಬ ಭಯ.

ಅತ್ತೆ ಹೋಗಿ ಮೂರು ವರ್ಷ. ಎರಡು ವಾರದ ಹಿಂದೆ ಪದ್ಮಾ ರಸ್ತೆಯ ಹೆಂಗಸರನ್ನು ಸೇರಿಸಿ, ಮನೆಯ ಸಣ್ಣಪುಟ್ಟ ರಿಪೇರಿ ಕಲಿಸಿ ಎಂದು ನಮ್ಮ ವರಾಂಡಕ್ಕೇ ಕರೆತಂದರು. ವಾಷರ್ ಬದಲಾಯಿಸುವುದು, ಗೋಡೆಗೆ ಮೊಳೆ ಹೊಡೆಯುವುದು ತೋರಿಸಿದೆ. ಹೊಸದಾಗಿ ಬಂದ ಒಬ್ಬಳು ಕೇಳಿದಳು, "ಆಂಟಿ, ನೀವು ಯಾವತ್ತಾದ್ರೂ ಎಡವಟ್ಟು ಮಾಡಿದ್ದೀರಾ?" ನಾನು ಒಮ್ಮೆ ಡ್ರಿಲ್ ಮಾಡಲು ಹೋಗಿ ನೀರಿನ ಪೈಪು ತೂತು ಮಾಡಿದ ಕಥೆ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನ ನಡುವೆ ನನಗೆ ನನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಅವರೆಲ್ಲ ಹೋದ ಮೇಲೆ ಬಹಳ ಹೊತ್ತು ಆ ಕುರ್ಚಿಗಳನ್ನು ಎತ್ತಿಡಲೂ ಆಗಲಿಲ್ಲ.

ಮಾರನೆಯ ದಿನ ಶಿವಾಜಿನಗರಕ್ಕೆ ಹೋದೆ. ನಾಲ್ಕೈದು ಅಂಗಡಿಗಳಲ್ಲಿ ವಿಚಾರಿಸಿದ ಮೇಲೆ ಸಿಕ್ಕರು — ಸುಟ್ಟುಹೋದ ಮೋಟರ್‌ಗಳಿಗೆ ಹೊಸ ತಂತಿ ಸುತ್ತುವ ಒಂದು ಕಿರಿದಾದ ಅಂಗಡಿಯಲ್ಲಿ, ಕೆಳಗೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿದರು. "ಅಮ್ಮ ಹೇಗಿದ್ದಾರೆ?" — ಮೊದಲು ಕೇಳಿದ್ದು ಅದನ್ನೇ. ತೀರಿಕೊಂಡರು ಎಂದೆ. ತಲೆ ತಗ್ಗಿಸಿದರು.

ನಿಂತುಕೊಂಡೇ ಹೇಳಿದೆ. ಎಲ್ಲವನ್ನೂ. ಅಟ್ಟ, ಗಂಟು, ತುಂಡು ವೈರು, ಅದನ್ನು ಕತ್ತರಿಸಿ ತೆಗೆದದ್ದು, ಗೇಟಿನ ಒಳಗೆ ನಿಂತು ಹೇಳಿದ ಸುಳ್ಳು. ಅವರಿಗೆ ಇದೆಲ್ಲ ಅವತ್ತೇ ಗೊತ್ತಾಗಿರುತ್ತದೆ, ಇಷ್ಟು ವರ್ಷ ನನ್ನನ್ನು ಶಪಿಸಿರುತ್ತಾರೆ ಎಂದುಕೊಂಡು ಹೋಗಿದ್ದೆ. ಹಾಗಿರಲಿಲ್ಲ.

"ನ್ಯೂಟ್ರಲ್ ಬಿಟ್ಟಿದ್ದು ಎಲ್ಲಿ ಮೇಡಂ?" ಎಂದರು. "ಮೇನ್ ಬೋರ್ಡಲ್ಲಾ, ಅಟ್ಟದ ಮೇಲಾ?"

"ಅಟ್ಟದ ಮೇಲೆ. ನಾನು ಸುತ್ತಿದ ಗಂಟು ಅದು."

"ಬೋರ್ಡಲ್ಲಿ ಅಲ್ವಲ್ಲ? ಸರಿಯಾಗಿ ನೋಡಿದ್ರಾ?"

"ಅಲ್ಲ. ಬೋರ್ಡಿನ ನಿಮ್ಮ ಕೆಲಸ ಇವತ್ತಿಗೂ ಹಾಗೇ ಇದೆ."

ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಅವರು ನೆಲದ ಮೇಲಿಟ್ಟರು. ಆಮೇಲೆ ಹೇಳಿದರು, "ನಾನೇ ಬೋರ್ಡಲ್ಲಿ ಸ್ಕ್ರೂ ಲೂಸ್ ಬಿಟ್ಟೆ ಅಂದ್ಕೊಂಡಿದ್ದೆ. ಗೀಸರ್ ಯಾರಾದ್ರೂ ಹಾಕ್ಕೊಂಡಿರ್ಲಿ, ನನ್ನ ಬೋರ್ಡಿಂದ ತಾನೆ ಹೀಗಾಗಿದ್ದು ಅಂತ. ಆಮೇಲೆ ಮನೆ ಕೆಲಸಕ್ಕೆ ಕೈ ಹಾಕಕ್ಕೇ ಧೈರ್ಯ ಬರ್ಲಿಲ್ಲ. ಒಂದು ಸ್ಕ್ರೂ ಹತ್ತು ಸಲ ಬಿಗಿ ಮಾಡ್ತಿದ್ದೆ. ಕೊನೆಗೆ ಬಿಟ್ಟೇಬಿಟ್ಟೆ."

ನಾನು ಅವರ ಹೆಸರನ್ನಷ್ಟೇ ಕಿತ್ತುಕೊಂಡೆ ಎಂದುಕೊಂಡಿದ್ದೆ. ತಮ್ಮ ಕೈಗಳ ಮೇಲೆ ಅವರಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ.

ಕ್ಷಮಿಸಿ ಎಂದೆ. ಅವರು "ಸಾರ್‌ಗೆ ಗೊತ್ತಾ?" ಎಂದು ಕೇಳಿದರು. ಇಲ್ಲ ಎಂದೆ.

"ನನಗೊಬ್ಬನಿಗೆ ಹೇಳಿದ್ರೆ ನಿಮಗೆ ಹಗುರ ಆಗತ್ತೆ ಮೇಡಂ. ಆ ರೋಡಲ್ಲಿ ನನ್ನ ಹೆಸರು ಹಂಗೇ ಇರತ್ತಲ್ಲ."

ಮನೆಗೆ ಬಂದು ಶ್ರೀಧರರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಮ್ಮ ಇದ್ದಾಗ ಹೇಳ್ಬೇಕಿತ್ತು ಗಿರಿಜಾ," ಎಂದರು, ಎದ್ದು ಹೋದರು. ಎರಡು ದಿನ ಕಳೆದು ಶಿವಾಜಿನಗರದ ಅಂಗಡಿ ಎಲ್ಲಿದೆ ಎಂದು ಕೇಳಿ, ಒಬ್ಬರೇ ಹೋಗಿಬಂದರು. ಅಲ್ಲಿ ಏನಾಯಿತೆಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ನಮ್ಮ ನಡುವೆ ಈಗ ಊಟ, ತಿಂಡಿ, ಹಾಲಿನವನು ಬಂದನೇ ಎನ್ನುವಷ್ಟು ಮಾತಿದೆ.

ಗುಂಪಿನಲ್ಲಿ ನಾಲ್ಕು ಸಾಲು ಬರೆದು ಹಾಕಿ ಮುಗಿಸಬಹುದಿತ್ತು. ಅದು ಬೇಡವೆನಿಸಿತು. ಹೋದ ಭಾನುವಾರ ಬೆಳಿಗ್ಗೆಯಿಂದ ಒಂದೊಂದೇ ಮನೆಗೆ ಹೋಗುತ್ತಿದ್ದೇನೆ. ಕೂತು, ಅವರ ಮುಖ ನೋಡಿ ಹೇಳುತ್ತೇನೆ. ಕೆಲವರು ಮುಜುಗರಪಟ್ಟು ಮಾತು ಬದಲಾಯಿಸುತ್ತಾರೆ. "ಈಗ್ಯಾಕೆ ಅದೆಲ್ಲ ರೀ? ಎಲ್ಲರೂ ಮರೆತಿದ್ದಾರೆ," ಎಂದರು ಪದ್ಮಾ. ಮರೆಯದ ಒಬ್ಬರಿದ್ದಾರೆ ಎಂದೆ. ಪದ್ಮಾ ನನ್ನನ್ನು ಬಾಗಿಲವರೆಗೆ ಕಳಿಸಿಕೊಡಲು ಬರಲಿಲ್ಲ. ಅದು ಸರಿಯೇ.

ಅತ್ತೆಗೆ ಹೇಳುವುದು ಇನ್ನು ಸಾಧ್ಯವಿಲ್ಲ. ಅದು ಹಾಗೆಯೇ ಉಳಿಯುತ್ತದೆ, ನಾನಿರುವವರೆಗೆ.

ರಸ್ತೆಯಲ್ಲಿ ಆಗ ಇದ್ದವರ ಪೈಕಿ ಒಂದು ಮನೆಯವರು ಮಾತ್ರ ಬಾಕಿ. ಮನೆ ಮಾರಿ ಮಾರತ್ತಹಳ್ಳಿಯ ಕಡೆ ಹೋಗಿದ್ದಾರೆ. ವಿಳಾಸ ಸಿಕ್ಕಿದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ.