ಖಾಸಿಂಸಾಬ ಕೊಯ್ಯದ ಕೋಳಿ

ಬೆಟಗೇರಿಯ ಎಸ್ತೇರವ್ವ ಸುಲಭಕ್ಕೆ ಹೆದರುವ ಹೆಂಗಸಲ್ಲ. ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿ ದುಡಿದವಳು, ಎಷ್ಟೋ ಹೆಣಗಳ ಮೈಯನ್ನು ಒಬ್ಬಳೇ ತೊಳೆದವಳು. ಆದರೆ ಗದಗ ಹೊಸ ಜಿಲ್ಲೆಯಾದ ವರ್ಷ, ಕ್ರಿಸ್‌ಮಸ್ ದಿನ ಮಧ್ಯಾಹ್ನ ಅವಳೂ ಹೆದರಿದಳು.

ಅವಳ ಮನೆಗೂ ಖಾಸಿಂಸಾಬನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಕ್ರಿಸ್‌ಮಸ್ಸಿಗೆ ಖಾಸಿಂಸಾಬ ಬಂದು ಬಿಸ್ಮಿಲ್ಲಾ ಹೇಳಿ ಕೋಳಿ ಕೊಯ್ಯುವುದು ಹಿರಿಯರ ಕಾಲದ ರೂಢಿ. ಅವನು ಕೊಯ್ದರೆ ಗೋಡೆಯಾಚೆಯವರೂ ಉಣ್ಣಬಹುದು. ಬಕ್ರೀದಿಗೆ ಆ ಮನೆಯ ಪಾಲು ಈಚೆ ಬರುತ್ತಿತ್ತು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಏನು, ಎತ್ತ ಎಂದು ಕೇಳಿದವರಲ್ಲ.

ಆ ವರ್ಷ ಖಾಸಿಂಸಾಬ ಲಕ್ಷ್ಮೇಶ್ವರದಲ್ಲಿದ್ದ ಮಗಳ ಮನೆಗೆ ಹೋಗಬೇಕಾಯಿತು. ತನ್ನ ಬದಲು ತಮ್ಮ ರಹಮಾನಸಾಬ ಬಂದು ಕೊಯ್ಯುತ್ತಾನೆಂದು ಎರಡೂ ಮನೆಗೆ ಹೇಳಿ ಹೋಗಿದ್ದ. ಎಸ್ತೇರವ್ವ ಚರ್ಚಿನಿಂದ ಬಂದಾಗ ಮಾಂಸ ಹಸನಾಗಿ ಬೋಗುಣಿಯಲ್ಲಿತ್ತು. ಏನೂ ಕೇಳದೆ ಅಡುಗೆ ಮಾಡಿದಳು. ಡಬ್ಬಿ ತುಂಬಿ, ಗೋಡೆಯ ಮೇಲಿಂದ ಖಾಸಿಂಸಾಬನ ಹೆಂಡತಿ ಮೋತಿಬಿಯ ಕೈಗಿತ್ತಳು.

ಊಟಕ್ಕೆ ಕುಳಿತ ಹೊಸ ಅಳಿಯ ಸಾಮುವೇಲ ಎಲುಬು ಚೀಪುತ್ತ ನಕ್ಕ. "ಹ್ಯಾಂಗೈತ್ರಿ ಅತ್ತಿ ನನ್ನ ಕೈಗುಣ? ಆ ರಹಮಾನಸಾಬನ ದಾರಿ ನೋಡಿ ಸಾಕಾತು. ನಾನ ಕೊಯ್ದು ಒಗದೆ."

ಎಸ್ತೇರವ್ವನ ಕೈಯ ಸೌಟು ನಿಂತಿತು. "ನೀವ ಕೊಯ್ದ್ರಿ? ಡಬ್ಬಿ ಕೊಟ್ಟ ಬಂದೇನಲ್ರೀ!"

"ಸುಮ್ನಿರ್ರಿ. ಅವರಿಗೇನ ಗೊತ್ತಾಗತೈತಿ?"

ಆ ಮಾತು ಅವಳನ್ನು ಇನ್ನೂ ಹೆದರಿಸಿತು. ಗೊತ್ತಾಗದಿದ್ದರೆ ನಾಳೆಯಿಂದ ಮೋತಿಬಿಯ ಮುಖ ನೋಡುವುದು ಹೇಗೆ? ಗೊತ್ತಾದರೆ ಆ ಮನೆಯವರು ಇನ್ನೆಂದಾದರೂ ತನ್ನ ಕೈಯ ತುತ್ತು ಮುಟ್ಟುವರೇ? ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ತಡವಾಗಿತ್ತು. ಖಾಸಿಂಸಾಬನ ತಾಯಿ ದಾವಲಬಿ ತಾಟಿನ ಮುಂದೆ ಕುಳಿತಿದ್ದಳು. ಎಂಬತ್ತರ ಮುದುಕಿ, ಐದು ಹೊತ್ತಿನ ನಮಾಜು ತಪ್ಪಿಸದವಳು. ಬಾಯಲ್ಲಿ ತುತ್ತಿತ್ತು.

"ಯವ್ವಾ, ಉಣಬ್ಯಾಡ್ರಿ! ರಹಮಾನಣ್ಣ ಬಂದಿಲ್ಲ. ಅಳಿಯ ಕೊಯ್ದಾನ. ನಾ ಕೇಳಲಿಲ್ಲ, ತಪ್ಪು ನಂದ."

ಮೋತಿಬಿ ತಲೆಯ ಮೇಲಿನ ಸೆರಗು ಬಿಗಿಹಿಡಿದು ಅತ್ತೆಯನ್ನು ನೋಡಿದಳು. ದಾವಲಬಿ ತುತ್ತನ್ನು ಉಗುಳಿ, ಬಚ್ಚಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಆ ನೀರಿನ ಸದ್ದು ಮುಗಿಯುವವರೆಗೂ ಎಸ್ತೇರವ್ವ ಕಂಬ ಹಿಡಿದು ನಿಂತೇ ಇದ್ದಳು.

ಮುದುಕಿ ಬಾಯೊರೆಸಿಕೊಳ್ಳುತ್ತ ಬಂದಳು. "ಎರಡು ತುತ್ತು ಒಳಗ ಹೋಗ್ಯಾವ. ತಿಳೀಲಾರದ ತಿಂದೇನಿ, ಅಲ್ಲಾ ಮಾಫ ಮಾಡ್ತಾನ. ನೀ ತಿಳಿದೂ ಬಾಯಿ ಮುಚ್ಚಿದ್ದಿ ಅಂದ್ರ ನಾ ಮಾಡ್ತಿದ್ದಿಲ್ಲ ನೋಡು." ಆಮೇಲೆ ಸೊಸೆಯತ್ತ ತಿರುಗಿದಳು. "ಒಳಗ ಏನೈತಿ?"

"ಝುಣಕ ಐತ್ರಿ, ರೊಟ್ಟಿ."

"ಎರಡು ತಾಟಿಗೆ ಹಾಕು. ಈಕಿ ಹಬ್ಬದ ದಿನ ಉಪಾಸ ಓಡಿ ಬಂದಾಳ."

ಎಸ್ತೇರವ್ವ ಕುಳಿತಳು. ರೊಟ್ಟಿ ಮುರಿಯಲು ಹೋದರೆ ಬೆರಳು ಇನ್ನೂ ಅದುರುತ್ತಿದ್ದವು. ದಾವಲಬಿ ಅದನ್ನು ಕಂಡು, ಅವಳ ತಾಟಿನ ರೊಟ್ಟಿಯನ್ನು ತಾನೇ ಮುರಿದು ಹಾಕಿದಳು.