ಅಪ್ಪನ ಲೇತ್, ಅಪ್ಪನ ಶಿವದಾರ

ಇವತ್ತು ಹಿತ್ತಲಿನ ಶೆಡ್ಡಿನಲ್ಲಿ ಲೇತ್ ಮೇಲೆ ಕಬ್ಬಿಣ ಕೊರೆಯುವಾಗ ಎಣ್ಣೆ ಸುಟ್ಟ ವಾಸನೆ ಬಂತು. ಕೈ ತಾನಾಗಿ ಕೊರಳಿಗೆ ಹೋಯಿತು.

ಈ ಲೇತ್ ಅಪ್ಪನ ಹವ್ಯಾಸದ್ದು. ತನ್ನ ಕೊರಳಿನ ಇಷ್ಟಲಿಂಗವನ್ನು ಅಪ್ಪ ಎಂದೂ ತೆಗೆಯುತ್ತಿರಲಿಲ್ಲ. ಲೇತ್ ಚಾಲೂ ಮಾಡುವ ಮೊದಲು ಅದನ್ನು ಕಟ್ಟಿದ ಶಿವದಾರವನ್ನು ಬನಿಯನ್ನಿನೊಳಗೆ ತುರುಕಿಕೊಳ್ಳುತ್ತಿದ್ದ. ಒಂದು ದಿನ ಮರೆತ. ಬಗ್ಗಿದಾಗ ದಾರ ಜೋತಾಡಿ, ಸರಳನ್ನು ಕಚ್ಚಿ ಹಿಡಿದು ಗರಗರ ತಿರುಗುತ್ತಿದ್ದ ಲೇತಿನ ಚಕ್‌ಗೆ ಸಿಕ್ಕಿತು. ಅಲ್ಲೇ ನೋಡುತ್ತ ನಿಂತಿದ್ದ ನಾನು ಓಡಿ ಸ್ವಿಚ್ ಆರಿಸಿದೆ. ಚಕ್ ನಿಂತಾಗ ಅಪ್ಪನ ಗದ್ದ ಅದರಿಂದ ಒಂದೇ ಬೆರಳಿನಷ್ಟು ದೂರವಿತ್ತು.

"ನಿಮ್ಮವ್ವಗ ಹೇಳಬ್ಯಾಡ, ಮಗಳ" ಎಂದ, ಚಕ್‌ನಿಂದ ದಾರ ಬಿಡಿಸಿಕೊಳ್ಳುತ್ತ.

ಇವತ್ತು ಚಹಾ ತಂದ ಅವ್ವ ಬಾಗಿಲಲ್ಲೇ ನಿಂತಳು. "ನಿಮ್ಮಪ್ಪನೂ ಹಿಂಗ ಕೊರಳ ಮುಟ್ಟಿ ಮುಟ್ಟಿ ನೋಡ್ಕೋತಿದ್ರು. ಯಾಕಂತ?"

"ಏನಿಲ್ಲ ಬಿಡಬೇ" ಎಂದೆ.